ಹೀಬ್ರೂ ಧರ್ಮಗ್ರಂಥದ ನಾಯಕಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ದೆಬೋರ, ಮಿರ್ಯಾಮ, ಹುಲ್ದ, ಅತಲ್ಯ, ಎಸ್ತೇರ ಮೊದಲಾದವರ ಬಗ್ಗೆ ಪಾಠದ ನಡುವೆ, ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು, ಕೆಲವೊಮ್ಮೆ ಕಾಗದ ಬರೆದು ಓದುಗರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ. ಹೆಸರುಗಳನ್ನು ಆದಷ್ಟು ಕನ್ನಡ ಸತ್ಯವೇದದ ರೂಪದಲ್ಲೇ ಬಳಸಿದ್ದೇನೆ. ಮೂಲ ಹೀಬ್ರೂ ಪದ ಅಗತ್ಯವಾದ ಕಡೆ ಅದರ ಉಚ್ಚಾರಣೆಯನ್ನು ಕೊಟ್ಟಿದ್ದೇನೆ.

## ಮೊದಲು ತಿಳಿಯಬೇಕಾದವು

ಹೀಬ್ರೂ ಗ್ರಂಥ ಅಂದರೆ ಹಳೆಯ ಒಡಂಬಡಿಕೆಯೇ ತಾನೇ? ಬೇರೆ ಏನಾದರೂ ಇದೆಯೇ?

ಹೆಚ್ಚುಕಡಿಮೆ ಅದೇ. ಯೆಹೂದ್ಯರು ಅದನ್ನು ತನಖ್ ಎಂದು ಕರೆಯುತ್ತಾರೆ ಮತ್ತು 24 ಪುಸ್ತಕಗಳೆಂದು ಎಣಿಸುತ್ತಾರೆ. ಪ್ರೊಟೆಸ್ಟೆಂಟರ ಹಳೆಯ ಒಡಂಬಡಿಕೆಯಲ್ಲಿ ಅದೇ ಪಠ್ಯ 39 ಪುಸ್ತಕಗಳಾಗಿ ಹಂಚಿಕೊಂಡಿದೆ. ಕಥೋಲಿಕರ ಹಳೆಯ ಒಡಂಬಡಿಕೆಯಲ್ಲಿ 46 ಪುಸ್ತಕಗಳಿವೆ. ಗ್ರೀಕ್ ಪರಂಪರೆಯಿಂದ ಬಂದ ಯೂದಿತಳ ಕಥೆ ಅಲ್ಲಿ ಸೇರಿದೆ, ತನಖ್‌ನಲ್ಲಿ ಇಲ್ಲ. ಆದ್ದರಿಂದ ಯೂದಿತಳ ಬಗ್ಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಇಷ್ಟೊಂದು ಗಂಡಸರೇ ತುಂಬಿರುವ ಗ್ರಂಥದಲ್ಲಿ ನಾಯಕಿಯರು ನಿಜವಾಗಿ ಎಷ್ಟು ಜನ?

ಯಾರನ್ನು ನಾಯಕಿ ಎನ್ನುತ್ತೀರಿ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಪಠ್ಯವೇ ‘ನೆವಿಯಾ’, ಅಂದರೆ ಪ್ರವಾದಿನಿ, ಎಂಬ ಬಿರುದನ್ನು ಹೆಸರಿರುವ ನಾಲ್ವರಿಗೆ ಕೊಡುತ್ತದೆ: ಮಿರ್ಯಾಮ, ದೆಬೋರ, ಹುಲ್ದ ಮತ್ತು ನೆಹೆಮೀಯನ ಕಾಲದ ನೋವದ್ಯ. ಯೆಶಾಯ 8ನೇ ಅಧ್ಯಾಯದಲ್ಲಿ ಹೆಸರಿಲ್ಲದ ಇನ್ನೊಬ್ಬ ಪ್ರವಾದಿನಿ ಬರುತ್ತಾಳೆ. ತಾಲ್ಮುದ್‌ನ ಮೆಗಿಲ್ಲಾ ಭಾಗದ ಪಟ್ಟಿ ಬೇರೆ (ತಾಲ್ಮುದ್ ಎಂದರೆ ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಚರ್ಚೆಗಳ ಸಂಗ್ರಹ). ಅಲ್ಲಿ ಸಾರಾ, ಮಿರ್ಯಾಮ, ದೆಬೋರ, ಹನ್ನ, ಅಬೀಗೈಲ, ಹುಲ್ದ, ಎಸ್ತೇರ ಹೀಗೆ ಏಳು ಮಂದಿ ಇದ್ದಾರೆ. ನೋವದ್ಯ ನೆಹೆಮೀಯನ ವಿರೋಧಿಗಳ ಸಾಲಿನಲ್ಲಿದ್ದುದರಿಂದ ಅವಳಿಗೆ ಅಲ್ಲಿ ಜಾಗ ಸಿಗಲಿಲ್ಲವೆಂದು ತೋರುತ್ತದೆ. ಇವರ ಜೊತೆಗೆ ಊರಿನ ಪರವಾಗಿ ಸೇನಾಪತಿಯೊಂದಿಗೆ ಮಾತಾಡಿದವರು, ಆಸ್ತಿಯ ಹಕ್ಕಿಗಾಗಿ ಮೋಶೆಯ ಮುಂದೆ ನಿಂತವರು, ಸಿಂಹಾಸನದ ಮೇಲೆ ಕುಳಿತವಳು, ಪಟ್ಟಣ ಕಟ್ಟಿಸಿದವಳು ಎಲ್ಲರೂ ಇದ್ದಾರೆ.

ಪ್ರವಾದಿನಿ ಅಂದರೆ ಭವಿಷ್ಯ ಹೇಳುವವಳಾ?

ಅಲ್ಲ, ಅಥವಾ ಅದಷ್ಟೇ ಅಲ್ಲ. ಹೀಬ್ರೂವಿನ ‘ನವೀ’ ಎಂಬ ಪದಕ್ಕೆ ‘ಕರೆಯಲ್ಪಟ್ಟವನು’ ಎಂಬ ಅರ್ಥವಿದೆಯೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಅವನ ಕೆಲಸ ದೇವರ ಮಾತನ್ನು ಜನರಿಗೋ ಅರಸನಿಗೋ ಮುಟ್ಟಿಸುವುದು. ಆ ಮಾತು ಹಿಂದೆ ನಡೆದದ್ದರ ತೀರ್ಪಾಗಿರಬಹುದು, ಯುದ್ಧಕ್ಕೆ ಹೊರಡು ಎಂಬ ಆಜ್ಞೆಯಾಗಿರಬಹುದು, ಕೈಯಲ್ಲಿರುವ ಗ್ರಂಥ ನಿಜವೆಂಬ ಪ್ರಮಾಣವೂ ಆಗಿರಬಹುದು. ಸ್ತ್ರೀಯರು ಈ ಕೆಲಸ ಮಾಡುವುದು ಇಸ್ರಾಯೇಲಿನ ವಿಶೇಷವೇನೂ ಅಲ್ಲ. ಯೂಫ್ರೆಟಿಸ್ ದಂಡೆಯ ಮಾರಿ ಪಟ್ಟಣದಲ್ಲಿ ಸಿಕ್ಕಿದ ಕ್ರಿ.ಪೂ. 18ನೇ ಶತಮಾನದ ಜೇಡಿಮಣ್ಣಿನ ಪತ್ರಗಳಲ್ಲಿ ಅರಸನಿಗೆ ದೇವವಾಣಿ ತಲುಪಿಸುವ ಹೆಂಗಸರಿದ್ದಾರೆ. ಅಶ್ಶೂರದ ಅರಸ ಏಸರ್‌ಹದ್ದೋನನಿಗೆ ಅರ್ಬೇಲದ ಇಷ್ಟಾರ್ ದೇವತೆಯ ಮಾತನ್ನು ಹೇಳಿದವರಲ್ಲೂ ಹೆಂಗಸರು ಬಹಳ ಮಂದಿ.

ಮಿರ್ಯಾಮಳು ಮೋಶೆಯ ಅಕ್ಕ. ಅದಕ್ಕಿಂತ ಹೆಚ್ಚೇನು?

ವಿಮೋಚನಕಾಂಡ 15:20 ಅವಳನ್ನು ಪರಿಚಯಿಸುವುದು ‘ಪ್ರವಾದಿನಿಯೂ ಆರೋನನ ಸಹೋದರಿಯೂ ಆದ ಮಿರ್ಯಾಮಳು’ ಎಂದು. ಬಿರುದು ಮೊದಲು, ನಂಟು ಆಮೇಲೆ. ಸಮುದ್ರ ದಾಟಿದ ಮೇಲೆ ಅವಳು ದಮ್ಮಡಿ ಹಿಡಿದು ಹೊರಡುತ್ತಾಳೆ, ಹೆಂಗಸರೆಲ್ಲ ಅವಳ ಹಿಂದೆ ಹೋಗುತ್ತಾರೆ. ಅವಳ ಹಾಡಿಗೆ ಪಠ್ಯದಲ್ಲಿ ಉಳಿದಿರುವುದು ಒಂದೇ ವಚನ. ಆದರೆ ಮೃತ ಸಮುದ್ರದ ಬಳಿಯ ಗವಿಗಳಲ್ಲಿ ಸಿಕ್ಕಿದ, 4ಕ್ಯು365 ಎಂದು ಗುರುತಿಸಲಾಗುವ ಸುರುಳಿಯ ತುಣುಕಿನಲ್ಲಿ ಅದೇ ಜಾಗದಲ್ಲಿ ಇನ್ನೂ ಕೆಲವು ಸಾಲುಗಳಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಯಾರಿಗೋ ಆ ಒಂದು ವಚನ ಸಾಲದೆನಿಸಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಅರಣ್ಯಕಾಂಡ 12ರಲ್ಲಿ ಅವಳೂ ಆರೋನನೂ ಮೋಶೆಯನ್ನು ಪ್ರಶ್ನಿಸುತ್ತಾರೆ: ಯೆಹೋವನು ಮೋಶೆಯ ಮೂಲಕ ಮಾತ್ರ ಮಾತಾಡಿದ್ದಾನೆಯೇ, ನಮ್ಮ ಮೂಲಕವೂ ಮಾತಾಡಲಿಲ್ಲವೇ? ಚರ್ಮರೋಗ ತಗಲುವುದು ಅವಳಿಗೆ ಮಾತ್ರ. ಇದು ಅನ್ಯಾಯವೆಂದು ಓದುಗರಿಗೆ ಅನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಥೆಯ ಕೊನೆಯನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ: ಅವಳು ಪಾಳೆಯದ ಹೊರಗಿದ್ದ ಏಳು ದಿನವೂ ಜನರು ಅಲ್ಲಿಂದ ಹೊರಡಲಿಲ್ಲ, ಅವಳನ್ನು ಒಳಗೆ ಸೇರಿಸಿಕೊಂಡ ಮೇಲೆಯೇ ಪ್ರಯಾಣ ಮುಂದುವರಿಯಿತು. ಮೀಕ 6:4ರಲ್ಲಿ ದೇವರೇ ‘ಮೋಶೆ, ಆರೋನ, ಮಿರ್ಯಾಮರನ್ನು ನಿನ್ನ ಮುಂದೆ ಕಳುಹಿಸಿದೆನು’ ಎಂದು ಹೇಳುವಾಗ ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

## ದೆಬೋರಳ ಬಗ್ಗೆ

ದೆಬೋರ ನಿಜವಾಗಿ ನ್ಯಾಯ ತೀರಿಸುತ್ತಿದ್ದಳಾ, ಇಲ್ಲ ಬರೀ ಸಲಹೆ ಕೊಡುತ್ತಿದ್ದಳಾ?

ನ್ಯಾಯಸ್ಥಾಪಕರು 4:4-5ನ್ನು ನಿಧಾನವಾಗಿ ಓದಿ. ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ, ರಾಮಾ ಮತ್ತು ಬೇತೇಲ್‌ಗಳ ನಡುವೆ, ಅವಳ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಖರ್ಜೂರದ ಮರದ ಕೆಳಗೆ ಅವಳು ಕುಳಿತಿರುತ್ತಿದ್ದಳು. ಇಸ್ರಾಯೇಲ್ಯರು ‘ಮಿಷ್ಪಾಟ್’, ಅಂದರೆ ತೀರ್ಪು, ಕೇಳಲು ಅವಳ ಬಳಿಗೆ ಹತ್ತಿ ಬರುತ್ತಿದ್ದರು. ಸಲಹೆ ಎಂಬ ಪದ ಇಲ್ಲಿ ಇಲ್ಲವೇ ಇಲ್ಲ. ತಮಾಷೆಯೆಂದರೆ, ನ್ಯಾಯಸ್ಥಾಪಕರು ಎಂಬ ಹೆಸರಿನ ಇಡೀ ಪುಸ್ತಕದಲ್ಲಿ ವ್ಯಾಜ್ಯ ಹಿಡಿದು ಬಂದವರಿಗೆ ತೀರ್ಪು ಕೊಡುವುದನ್ನು ನಾವು ಕಾಣುವುದು ಇವಳಲ್ಲಿ ಮಾತ್ರ. ಏಹೂದ ಕತ್ತಿ ಬೀಸುತ್ತಾನೆ, ಗಿದ್ಯೋನ ದೀವಟಿಗೆ ಹಿಡಿಸುತ್ತಾನೆ, ಯೆಪ್ತಾಹ ಹರಕೆ ಹೊರುತ್ತಾನೆ, ಸಂಸೋನ ಕಂಬ ಕೆಡವುತ್ತಾನೆ. ಪುಸ್ತಕದ ಹೆಸರಿಗೆ ಒಪ್ಪುವ ಕೆಲಸ ಮಾಡಿದವಳು ದೆಬೋರ ಒಬ್ಬಳೇ.

ಇನ್ನೊಂದು ಸಂಗತಿ. ಗಿದ್ಯೋನನಿಗೆ ದೇವದೂತನು ಬಂದು ಕರೆಕೊಡುವ ದೃಶ್ಯವಿದೆ, ಯೆಪ್ತಾಹನನ್ನು ಹಿರಿಯರು ಹೋಗಿ ಕರೆತರುವ ದೃಶ್ಯವಿದೆ. ದೆಬೋರಳಿಗೆ ಅಂಥದೊಂದೂ ಇಲ್ಲ. ಕಥೆ ಆರಂಭವಾಗುವಾಗಲೇ ಅವಳು ಮರದ ಕೆಳಗೆ ಕುಳಿತಿದ್ದಾಳೆ, ಜನ ಬರುತ್ತಿದ್ದಾರೆ. ಹೆಂಗಸು ಹೀಗೆ ಕುಳಿತಿದ್ದಾಳಲ್ಲ ಎಂಬ ಬೆರಗು ಕಥೆ ಹೇಳುವವನಿಗೆ ಇಲ್ಲ. ಅದು ಓದುವ ನಮ್ಮದು.

ಗಂಡಸರು ಸರಿಯಿಲ್ಲದ್ದರಿಂದ ದೇವರು ಹೆಂಗಸನ್ನು ಆರಿಸಿದ ಅಂತ ಪ್ರಸಂಗದಲ್ಲಿ ಕೇಳಿದ್ದೇನೆ. ಹೌದೇ?

ಈ ಮಾತನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ, ಆದರೆ ಪಠ್ಯದಲ್ಲಿ ಅದನ್ನು ಹೇಳುವ ವಚನ ಒಂದೂ ಇಲ್ಲ. ಆಧಾರವಾಗಿ ತೋರಿಸುವುದು, ಯುದ್ಧಕ್ಕೆ ಹೊರಡೆಂದು ದೆಬೋರ ಕರೆಸಿದ ಸೇನಾಪತಿ ಬಾರಾಕನ ಮಾತನ್ನು: ‘ನೀನು ನನ್ನ ಸಂಗಡ ಬಂದರೆ ಹೋಗುತ್ತೇನೆ, ಬಾರದಿದ್ದರೆ ಹೋಗುವುದಿಲ್ಲ.’ ಇದನ್ನು ಪುಕ್ಕಲುತನವೆಂದು ಓದಬಹುದು. ಆದರೆ ಯುದ್ಧಕ್ಕೆ ಮೊದಲು ಪ್ರವಾದಿಯ ಮಾತು ಕೇಳುವುದು ಆ ಕಾಲದ ವಾಡಿಕೆ. ಒಂಬೈನೂರು ಕಬ್ಬಿಣದ ರಥಗಳ ಎದುರಿಗೆ ಹತ್ತು ಸಾವಿರ ಕಾಲಾಳುಗಳನ್ನು ತಾಬೋರ್ ಬೆಟ್ಟದಿಂದ ಇಳಿಸಬೇಕಾದವನು ಯಾವ ಗಳಿಗೆಯಲ್ಲಿ ಇಳಿಯಬೇಕೆಂದು ಹೇಳುವವರು ಪಕ್ಕದಲ್ಲಿರಲಿ ಎಂದು ಬಯಸಿದರೆ ಅದು ಬುದ್ಧಿವಂತಿಕೆಯೂ ಆಗಬಹುದು. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಬಾರಾಕನು ಇದೇ ಕಾರಣವನ್ನು ಬಾಯಿಬಿಟ್ಟು ಹೇಳುತ್ತಾನೆ: ಕರ್ತನು ತನ್ನ ದೂತನನ್ನು ಯಾವ ದಿನ ನನ್ನೊಂದಿಗೆ ಸಫಲಗೊಳಿಸುತ್ತಾನೋ ನನಗೆ ತಿಳಿಯದು.

ಕೀರ್ತಿ ನಿನ್ನದಾಗದು, ಶತ್ರುಸೇನಾಪತಿ ಸೀಸೆರನನ್ನು ಯೆಹೋವನು ಒಬ್ಬ ಹೆಂಗಸಿನ ಕೈಗೆ ಒಪ್ಪಿಸುವನು ಎಂದು ದೆಬೋರ ಉತ್ತರಿಸುವುದು ನಿಜ, ಆ ಮಾತಿನಲ್ಲಿ ಚುಚ್ಚು ಇರುವುದೂ ನಿಜ. ಆದರೆ ಅದು ಬಾರಾಕನಿಗೆ ಸಿಕ್ಕಿದ ಉತ್ತರ, ದೆಬೋರಳ ನೇಮಕಕ್ಕೆ ಕೊಟ್ಟ ಕಾರಣವಲ್ಲ. ಅವಳು ಅದಕ್ಕೂ ಮೊದಲೇ ನ್ಯಾಯ ತೀರಿಸುತ್ತಿದ್ದಳು.

ಕೆಲವರು ಯೆಶಾಯ 3:12ನ್ನು ತರುತ್ತಾರೆ: ‘ಹೆಂಗಸರು ಅವರನ್ನು ಆಳುವರು.’ ಸ್ವರಚಿಹ್ನೆ ಇಲ್ಲದ ಹಳೆಯ ಹೀಬ್ರೂ ಬರಹದಲ್ಲಿ ‘ನಾಶೀಮ್’, ಹೆಂಗಸರು, ಎಂಬುದಕ್ಕೂ ‘ನೋಶೀಮ್’, ಸಾಲ ವಸೂಲಿ ಮಾಡುವವರು, ಎಂಬುದಕ್ಕೂ ಅಕ್ಷರಗಳು ಒಂದೇ. ಗ್ರೀಕ್ ಅನುವಾದಕರು ವಸೂಲಿಗಾರರು ಎಂದೇ ಓದಿಕೊಂಡರು. ಇಂಥ ವಚನದ ಮೇಲೆ ಸಿದ್ಧಾಂತವೊಂದನ್ನು ಕಟ್ಟುವ ಮುನ್ನ ತಳಪಾಯವನ್ನು ತಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಲಪ್ಪೀದೋತ ಅವಳ ಗಂಡನೋ, ಬೆಂಕಿಯೋ?

ಎರಡೂ ಓದು ಸಾಧ್ಯ. ‘ಏಷೆತ್ ಲಪ್ಪೀದೋತ್’ ಎಂಬುದರಲ್ಲಿ ಏಷೆತ್ ಎಂದರೆ ‘ಹೆಂಡತಿ’ ಅಥವಾ ‘ಹೆಂಗಸು’. ಲಪ್ಪೀದೋತ್ ಎಂದರೆ ದೀವಟಿಗೆಗಳು. ‘ಲಪ್ಪೀದೋತನ ಹೆಂಡತಿ’ ಎಂದರೂ ಆಯಿತು, ‘ದೀವಟಿಗೆಯಂಥ ಹೆಂಗಸು’ ಎಂದರೂ ಆಯಿತು. ಬಾರಾಕ ಎಂಬ ಹೆಸರಿಗೆ ಮಿಂಚು ಎಂಬ ಅರ್ಥವಿರುವುದರಿಂದ ಕವಿಗಳು ಎರಡನೆಯದನ್ನು ಇಷ್ಟಪಡುತ್ತಾರೆ. ಹೆಂಗಸಿನ ಪರಿಚಯದಲ್ಲಿ ಗಂಡನ ಹೆಸರು ಬರುವುದು ಸಾಮಾನ್ಯವಾಗಿದ್ದರಿಂದ ಮೊದಲನೆಯದೇ ಸರಳವೆಂದು ನನ್ನ ಅಭಿಪ್ರಾಯ. ಯಾವುದನ್ನು ಹಿಡಿದರೂ ಒಂದು ಮಾತು ಉಳಿಯುತ್ತದೆ: ಗಂಡನಿದ್ದರೆ, ಕಥೆಯಲ್ಲಿ ಅವನಿಗೆ ಮಾಡಲು ಏನೂ ಇಲ್ಲ.

5ನೇ ಅಧ್ಯಾಯದ ಹಾಡನ್ನು ಹಾಡಿದ್ದು ದೆಬೋರಳೋ ಬಾರಾಕನೋ?

ಕನ್ನಡದಲ್ಲಿ ಓದಿದವರಿಗೆ ಇಬ್ಬರೂ ಸಮಸಮವಾಗಿ ಹಾಡಿದಂತೆ ಕಾಣುತ್ತದೆ, ಏಕೆಂದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಬ್ಬರ ಹೆಸರನ್ನೂ ಹೇಳಿ ಮುಗಿಸಿದ ಮೇಲೆ ‘ಹಾಡಿದರು’ ಎನ್ನದೆ ಗತ್ಯಂತರವಿಲ್ಲ, ಆ ‘ರು’ವಿನಲ್ಲಿ ಹೆಣ್ಣು ಗಂಡು ಎರಡೂ ಕರಗಿಹೋಗುತ್ತವೆ. ಹೀಬ್ರೂವಿನಲ್ಲಿ ಕ್ರಿಯಾಪದ ಮೊದಲು: ‘ವತ್ತಾಶರ್ ದೆವೋರಾ ಊವಾರಾಕ್’. ಅದನ್ನು ಅದೇ ಸಾಲಿನಲ್ಲಿ ಇಟ್ಟರೆ ‘ಹಾಡಿದಳು ದೆಬೋರ, ಬಾರಾಕನೂ’ ಎಂದಾಗುತ್ತದೆ. ಕ್ರಿಯೆ ಸ್ತ್ರೀಲಿಂಗ, ಏಕವಚನ. ಗಂಡು ಹೆಣ್ಣಿಗೆ ಬೇರೆಬೇರೆ ಪ್ರತ್ಯಯವಿರುವ ಕನ್ನಡದ ಕಿವಿಗೆ ಈ ಸೂಕ್ಷ್ಮ ಬೇಗ ಹಿಡಿಸಬೇಕಿತ್ತು. ವಾಕ್ಯದ ಕಟ್ಟು ಅದನ್ನು ನುಂಗಿಬಿಟ್ಟಿದೆ.

ಇದನ್ನು ಅತಿಯಾಗಿ ಎಳೆಯಬಾರದು. ಕ್ರಿಯಾಪದ ಮೊದಲು ಬಂದಾಗ ಅದು ತನ್ನ ಹತ್ತಿರದ ಹೆಸರಿಗೆ ಹೊಂದಿಕೊಳ್ಳುವುದು ಹೀಬ್ರೂವಿನಲ್ಲಿ ಮಾಮೂಲು. ಆದರೆ ಯಾರ ಹೆಸರನ್ನು ಹತ್ತಿರ ಇಡಬೇಕು ಎಂಬುದು ಬರೆದವನ ಆಯ್ಕೆ, ಅವನು ದೆಬೋರಳನ್ನು ಇಟ್ಟ. ಮಿರ್ಯಾಮಳೂ ಆರೋನನೂ ಮೋಶೆಯ ವಿರುದ್ಧ ಮಾತಾಡಿದಾಗಲೂ ಕ್ರಿಯೆ ‘ಮಾತಾಡಿದಳು’ ಎಂದೇ ಇದೆ, ಮೊದಲ ಹೆಸರು ಅವಳದೇ. ಮುಂದಾಳು ಯಾರೆಂಬುದಕ್ಕೆ ಶಿಕ್ಷೆಯೇ ಸಾಕ್ಷಿ.

ಈ ಹಾಡು ಹೀಬ್ರೂ ಕಾವ್ಯದಲ್ಲಿ ಅತ್ಯಂತ ಹಳೆಯದರಲ್ಲಿ ಒಂದು ಎಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಅದರ 7ನೇ ವಚನದಲ್ಲಿ ‘ಶಕ್ಕಮ್ತಿ’ ಎಂಬ ಪದವಿದೆ. ಸಾಮಾನ್ಯ ವ್ಯಾಕರಣದಂತೆ ಅದು ‘ನಾನು ಎದ್ದೆನು’. ಹಳೆಯ ರೂಪವೆಂದು ತಿಳಿದರೆ ‘ನೀನು ಎದ್ದೆ’, ಅದೂ ಹೆಣ್ಣಿಗೆ ಹೇಳುವ ನೀನು. ಹಾಗಾಗಿ ‘ಇಸ್ರಾಯೇಲಿನಲ್ಲಿ ತಾಯಿಯಾಗಿ ನಾನು ಏಳುವ ತನಕ’ ಎಂದು ದೆಬೋರಳೇ ಹೇಳಿಕೊಳ್ಳುತ್ತಿರಬಹುದು, ಅಥವಾ ಊರವರು ಅವಳನ್ನು ಕೂಗಿ ಹಾಡುತ್ತಿರಬಹುದು.

ಯಾಯೇಲಳು ನಂಬಿ ಬಂದವನನ್ನು ಕೊಂದಳಲ್ಲ, ಅವಳನ್ನು ಹೊಗಳುವುದು ಸರಿಯೇ?

ಯಾಯೇಲಳು ನಾಯಕಿಯಲ್ಲ, ಡೇರೆಯ ಒಡತಿ. ಅವಳ ಗಂಡ ಹೆಬೆರನ ಮನೆಗೂ ಹಾಚೋರಿನ ಅರಸ ಯಾಬೀನನಿಗೂ ಸಮಾಧಾನವಿತ್ತು, ಆ ಧೈರ್ಯದಿಂದಲೇ ಯುದ್ಧದಲ್ಲಿ ಸೋತ ಸೀಸೆರ ಅವಳ ಡೇರೆಗೆ ಓಡಿಬಂದ. ನೀರು ಕೇಳಿದವನಿಗೆ ಹಾಲು ಕೊಟ್ಟಳು, ಕಂಬಳಿ ಹೊದಿಸಿದಳು, ಮಲಗಿದ ಮೇಲೆ ಕಣತಲೆಗೆ ಡೇರೆಯ ಗೂಟ ಹೊಡೆದಳು. ಅತಿಥಿಧರ್ಮ ಮುರಿದದ್ದು ಕಥೆಗಾರನಿಗೆ ಚೆನ್ನಾಗಿ ಗೊತ್ತು, ಇಲ್ಲದಿದ್ದರೆ ಆ ಸಮಾಧಾನದ ಮಾತನ್ನೇ ಎತ್ತುತ್ತಿರಲಿಲ್ಲ.

ಹಾಡು ಅವಳನ್ನು ಸ್ತ್ರೀಯರಲ್ಲಿ ಧನ್ಯಳು ಎನ್ನುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಸಾಲುಗಳಲ್ಲಿ ಸೀಸೆರನ ತಾಯಿ ಕಿಟಕಿಯಿಂದ ಇಣುಕಿ, ಅವನ ರಥ ಯಾಕೆ ತಡವಾಯಿತು ಎಂದು ಹಂಬಲಿಸುತ್ತಾಳೆ; ಕೊಳ್ಳೆ ಹಂಚಿಕೊಳ್ಳುತ್ತಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ, ಒಬ್ಬೊಬ್ಬ ಗಂಡಿಗೆ ಒಂದು ‘ರಹಮ್’, ಎರಡು ‘ರಹಮ್’ ಎಂದು. ಆ ಪದದ ಅರ್ಥ ಗರ್ಭ. ಅನುವಾದಗಳಲ್ಲಿ ಅದು ‘ದಾಸಿ’, ‘ಹುಡುಗಿ’ ಎಂದು ಮೆತ್ತಗಾಗುತ್ತದೆ. ಸೋತಿದ್ದರೆ ಯಾಯೇಲಳಂಥವರಿಗೆ ಏನಾಗುತ್ತಿತ್ತು ಎಂಬುದನ್ನು ಶತ್ರುವಿನ ತಾಯಿಯ ಬಾಯಲ್ಲೇ ಹೇಳಿಸಿದ ಕವಿಯನ್ನು ಸಾಮಾನ್ಯದವನೆಂದು, ಅಥವಾ ಸಾಮಾನ್ಯದವಳೆಂದು, ನಾನು ಒಪ್ಪಲಾರೆ.

## ಅರಮನೆಯ ಸುತ್ತ

ಯೆರೆಮೀಯ ಬದುಕಿದ್ದಾಗ ಅರಸನ ಕಡೆಯವರು ಹುಲ್ದಳ ಬಳಿಗೆ ಯಾಕೆ ಹೋದರು?

ಕ್ರಿ.ಪೂ. 622ರ ಸುಮಾರಿಗೆ, ಯೆಹೂದದ ಅರಸ ಯೋಷೀಯನ ಆಳ್ವಿಕೆಯ 18ನೇ ವರ್ಷದಲ್ಲಿ, ಯೆರೂಸಲೇಮಿನ ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ ಮಹಾಯಾಜಕ ಹಿಲ್ಕೀಯನಿಗೆ ಒಂದು ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಲೇಖಕ ಶಾಫಾನ ಅದನ್ನು ಅರಸನಿಗೆ ಓದಿ ಹೇಳಿದ, ಅರಸ ಬಟ್ಟೆ ಹರಿದುಕೊಂಡ. ಈ ಗ್ರಂಥದ ವಿಷಯವಾಗಿ ಯೆಹೋವನನ್ನು ವಿಚಾರಿಸಿ ಬನ್ನಿ ಎಂದು ಐದು ಮಂದಿಯನ್ನು ಕಳುಹಿಸಿದ. ಮಹಾಯಾಜಕನೂ ಲೇಖಕನೂ ಆ ಐವರಲ್ಲಿದ್ದರು. ಯಾರ ಬಳಿಗೆ ಹೋಗಬೇಕೆಂದು ಅರಸ ಹೇಳಲಿಲ್ಲ. ಅವರು ನೇರವಾಗಿ ಪಟ್ಟಣದ ‘ಮಿಷ್ನೆ’ ಎಂಬ ಎರಡನೆಯ ಕೇರಿಗೆ, ವಸ್ತ್ರಾಗಾರದ ಮೇಲ್ವಿಚಾರಕ ಶಲ್ಲೂಮನ ಹೆಂಡತಿಯಾದ ಹುಲ್ದಳ ಮನೆಗೆ ನಡೆದರು.

ಯಾಕೆ ಎಂಬುದಕ್ಕೆ ಪಠ್ಯ ಉತ್ತರ ಕೊಡುವುದಿಲ್ಲ, ಆದರೆ ತಾಲ್ಮುದ್‌ನ ರಬ್ಬಿಗಳು ನಿಮ್ಮ ಪ್ರಶ್ನೆಯನ್ನೇ ಕೇಳಿಕೊಂಡಿದ್ದಾರೆ. ಅವಳು ಪ್ರವಾದಿ ಯೆರೆಮೀಯನ ನೆಂಟಳು, ಆದ್ದರಿಂದ ಅವನು ಬೇಸರಪಡಲಿಲ್ಲ ಎಂದು ಒಬ್ಬರು. ಹೆಂಗಸರಿಗೆ ಕರುಣೆ ಹೆಚ್ಚು, ಮೆತ್ತಗಿನ ಉತ್ತರ ಸಿಗಬಹುದೆಂದು ಹೋದರು ಎಂದು ಇನ್ನೊಬ್ಬರು. ಯೆರೆಮೀಯ ಆಗ ಊರಲ್ಲೇ ಇರಲಿಲ್ಲ, ಚದುರಿಹೋದ ಹತ್ತು ಕುಲಗಳನ್ನು ಕರೆತರಲು ಹೋಗಿದ್ದ ಎಂದು ಮತ್ತೊಬ್ಬರು. ಕರುಣೆಯ ವಾದವಂತೂ ಅವಳ ಉತ್ತರದ ಮುಂದೆ ನಿಲ್ಲುವುದಿಲ್ಲ: ‘ನಿಮ್ಮನ್ನು ಕಳುಹಿಸಿದ ಆ ಮನುಷ್ಯನಿಗೆ ಹೇಳಿ’ ಎಂದು ಶುರುಮಾಡಿ, ಈ ಸ್ಥಳದ ಮೇಲೆ ಕೇಡು ಬಂದೇ ಬರುತ್ತದೆ ಎಂದು ತೀರ್ಪು ಕೊಟ್ಟಳು. ಯೋಷೀಯ ಸಮಾಧಾನದಿಂದ ಸಮಾಧಿ ಸೇರುವನು ಎಂದೂ ಅವಳು ಹೇಳಿದಳು; ಅವನು ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನಲ್ಲಿ ಐಗುಪ್ತದ ಫರೋಹ ನೆಕೋವಿನಿಂದ ಹತನಾದ. ಆ ಮಾತನ್ನು ತಿದ್ದದೆ ಹಾಗೇ ಉಳಿಸಿಕೊಂಡಿರುವುದರಿಂದಲೇ ಅದು ಹಳೆಯದಿರಬೇಕೆಂದು ಅನೇಕರು ವಾದಿಸುತ್ತಾರೆ.

ಸಿಕ್ಕಿದ್ದು ಧರ್ಮೋಪದೇಶಕಾಂಡದ ಒಂದು ರೂಪವೆಂದು ಹೆಚ್ಚಿನ ವಿದ್ವಾಂಸರ ಎಣಿಕೆ. ಅದು ನಿಜವಾದರೆ, ಒಂದು ಲಿಖಿತ ಗ್ರಂಥವನ್ನು ದೇವರ ಮಾತೆಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟ, ನಮಗೆ ತಿಳಿದ ಮೊದಲ ವ್ಯಕ್ತಿ ಹುಲ್ದ. ಯೆರೂಸಲೇಮಿನ ದೇವಾಲಯದ ಬೆಟ್ಟದ ದಕ್ಷಿಣ ಗೋಡೆಯ ಬಾಗಿಲುಗಳನ್ನು ರಬ್ಬಿಗಳ ಹಳೆಯ ವಿಧಿಗ್ರಂಥ ಮಿಷ್ನಾ ‘ಹುಲ್ದ ಬಾಗಿಲು’ ಎಂದೇ ಕರೆಯುತ್ತದೆ.

ಅತಲ್ಯಳನ್ನು ರಾಣಿ ಅನ್ನಬಹುದೇ?

ಅವಳು ಯೆಹೂದವನ್ನು ಆರು ವರ್ಷ ಆಳಿದಳು, ಸುಮಾರು ಕ್ರಿ.ಪೂ. 841ರಿಂದ 835ರವರೆಗೆ. ಮಗ ಅಹಜ್ಯ ಸತ್ತ ಸುದ್ದಿ ಕೇಳಿ ರಾಜಸಂತಾನವನ್ನೆಲ್ಲ ಕೊಲ್ಲಿಸಿದವಳೂ ಅವಳೇ. ಅರಸುಗಳ ಗ್ರಂಥ ‘ಆಳುತ್ತಿದ್ದಳು’ ಎಂದು ಒಪ್ಪಿಕೊಳ್ಳುತ್ತದೆ, ಆದರೆ ಯೆಹೂದದ ಅರಸರಿಗೆ ಸಾಮಾನ್ಯವಾಗಿ ಬರೆಯುವ ಶಿರೋನಾಮೆಯನ್ನು, ಅಂದರೆ ಪಟ್ಟಕ್ಕೆ ಬಂದಾಗ ಇಷ್ಟು ವಯಸ್ಸು, ಇಷ್ಟು ವರ್ಷ ಆಳಿದ, ತಾಯಿಯ ಹೆಸರು ಇಂಥದು ಎಂಬುದನ್ನು, ಅವಳಿಗೆ ಬರೆಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹಣ ಬಂದಿದೆ, ಆದರೆ ಖಾತೆ ತೆರೆದಿಲ್ಲ.

ಅವಳನ್ನು ಸೋಲಿಸಿದ ಕೆಲಸ ಶುರುವಾದದ್ದೂ ಒಬ್ಬ ಹೆಂಗಸಿನಿಂದ. ಅಹಜ್ಯನ ಸಹೋದರಿ ಯೆಹೋಶೆಬಳು ಕೂಸಾಗಿದ್ದ ಯೋವಾಷನನ್ನು ದಾದಿಯ ಸಮೇತ ಮಲಗುವ ಕೋಣೆಯಲ್ಲಿ ಬಚ್ಚಿಟ್ಟು, ಆರು ವರ್ಷ ದೇವಾಲಯದಲ್ಲಿ ಸಾಕಿದಳು. ಏಳು ವರ್ಷದ ಹುಡುಗನಿಗೆ ಕಿರೀಟ ಇಟ್ಟದ್ದನ್ನು ಕಂಡು ಅತಲ್ಯ ‘ದ್ರೋಹ! ದ್ರೋಹ!’ ಎಂದು ಕೂಗಿದಳು; ಕುದುರೆಗಳು ಬರುವ ದಾರಿಯಲ್ಲಿ ಅವಳನ್ನು ಕೊಂದರು.

ರಾಜಮಾತೆಗೆ ನಿಜವಾದ ಅಧಿಕಾರವಿತ್ತೇ, ಬರೀ ಗೌರವವೇ?

‘ಗೆವೀರಾ’, ಅಂದರೆ ರಾಜಮಾತೆ, ಎಂಬುದು ಪದವಿಯಾಗಿತ್ತೆಂದು ತೋರಿಸುವ ಅತ್ಯಂತ ಗಟ್ಟಿ ಸಾಕ್ಷಿ ಎಂದರೆ, ಯೆಹೂದದ ಅರಸ ಆಸನು ಮಾಕಳನ್ನು ಆ ಸ್ಥಾನದಿಂದ ತೆಗೆದುಹಾಕಿದ. ತೆಗೆಯಲು ಬರುವುದಾದರೆ ಅದು ಬರೀ ನಂಟಲ್ಲ. ತಾಯಿ ಬತ್ಷೆಬೆ ಬಂದಾಗ ಸೊಲೊಮೋನ ಎದ್ದು ನಮಸ್ಕರಿಸಿ ಬಲಗಡೆ ಆಸನ ಹಾಕಿಸಿದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಿಗೆ ಶರಣಾದವರ ಪಟ್ಟಿಯಲ್ಲಿ ಅರಸ ಯೆಹೋಯಾಖೀನನ ಹೆಸರಿನ ಬೆನ್ನಿಗೇ ಅವನ ತಾಯಿ ಬರುತ್ತಾಳೆ, ಮಂತ್ರಿಗಳು ಆಮೇಲೆ. ಆದರೆ ಈ ಪದವಿಯ ಕರ್ತವ್ಯಗಳೇನೆಂದು ಎಲ್ಲೂ ಬರೆದಿಲ್ಲ, ಉಳಿದದ್ದು ಊಹೆ.

ಈಜೆಬೆಲ್ ಸಾಯುವ ಮುಂಚೆ ಕಾಡಿಗೆ ಹಚ್ಚಿಕೊಂಡದ್ದು ಯೇಹುವನ್ನು ಮರುಳು ಮಾಡಲಿಕ್ಕೆ ಅಲ್ಲವೇ?

ಹಾಗೆಂದು ಪಠ್ಯ ಹೇಳುವುದಿಲ್ಲ. ಯೇಹು ಅವಳ ಮಗನಾದ ಅರಸನನ್ನು ಕೊಂದು ಬಂದಿದ್ದ ದಂಗೆಕೋರ. ಅವಳು ಕಣ್ಣಿಗೆ ಕಾಡಿಗೆ ಹಚ್ಚಿ, ತಲೆ ಸಿಂಗರಿಸಿಕೊಂಡು, ಕಿಟಕಿಯಲ್ಲಿ ನಿಂತು ಆಡಿದ ಮಾತು ‘ಸಮಾಧಾನವೋ, ಒಡೆಯನನ್ನು ಕೊಂದ ಜಿಮ್ರಿಯೇ?’ ಎಂಬ ಬೈಗುಳ. ಜಿಮ್ರಿ ಅರಸನನ್ನು ಕೊಂದು ಏಳೇ ದಿನ ಆಳಿ ಸತ್ತವನು. ಮರುಳು ಮಾಡುವವರು ಹೀಗೆ ಮಾತಾಡುವುದಿಲ್ಲ. ಚೀದೋನ್ಯರ ಅರಸನ ಮಗಳು ಸಾವಿನ ಎದುರಿಗೆ ರಾಣಿಯಂತೆ ನಿಂತಳು, ಅಷ್ಟೆ. ಅವಳ ನಿಜವಾದ ಅಪರಾಧ ಗಂಡನಾದ ಅರಸ ಅಹಾಬನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ಸುಳ್ಳು ಸಾಕ್ಷಿಗಳಿಂದ ದ್ರಾಕ್ಷಿತೋಟದ ಒಡೆಯ ನಾಬೋತನನ್ನು ಕೊಲ್ಲಿಸಿದ್ದು. ಅದನ್ನು ಬಿಟ್ಟು ಕಾಡಿಗೆಯ ಮೇಲೆ ಕಣ್ಣಿಡುವುದು ವಿಚಿತ್ರ.

ಎಸ್ತೇರಳು ಗೆದ್ದದ್ದು ಚೆಲುವಿನಿಂದ, ಅದು ಹೇಗೆ ನಾಯಕತ್ವ?

ಆರಂಭದಲ್ಲಿ ಹಾಗೆಯೇ: ಚೆಲುವಿನಿಂದ ಪಾರಸಿಯ ಅರಸನ ರಾಣಿಯಾದ ಯೆಹೂದ್ಯ ಹುಡುಗಿ ಅವಳು. ಆದರೆ 4ನೇ ಅಧ್ಯಾಯದ ಕೊನೆಯಲ್ಲಿ ಕಥೆ ತಿರುಗುತ್ತದೆ. ಅಲ್ಲಿಯವರೆಗೆ ತನ್ನನ್ನು ಸಾಕಿದ ಮೊರ್ದೆಕೈ ಹೇಳಿದಂತೆ ಎಸ್ತೇರಳು ಕೇಳುತ್ತಿದ್ದಳು. ಯೆಹೂದ್ಯರನ್ನು ಕೊಲ್ಲಿಸುವ ರಾಜಾಜ್ಞೆ ಹೊರಟಾಗ, ಮೂರು ದಿನದ ಉಪವಾಸಕ್ಕೆ ರಾಜಧಾನಿ ಶೂಷನಿನ ಯೆಹೂದ್ಯರನ್ನೆಲ್ಲ ಕೂಡಿಸು ಎಂದು ಎಸ್ತೇರಳು ಅಪ್ಪಣೆ ಮಾಡಿದ ಮೇಲೆ, ಮೊರ್ದೆಕೈ ಹೋಗಿ ಅವಳು ಹೇಳಿದಂತೆಯೇ ಮಾಡಿದ. 9ನೇ ಅಧ್ಯಾಯದಲ್ಲಿ ಪೂರೀಮ್ ಹಬ್ಬವನ್ನು ಸ್ಥಿರಪಡಿಸುವ ಪತ್ರವನ್ನು ಪೂರ್ಣ ಅಧಿಕಾರದಿಂದ ಬರೆಯುವವಳು ಅವಳು, ಮತ್ತು ಅಲ್ಲಿನ ‘ಬರೆದಳು’ ಕೂಡ ಸ್ತ್ರೀಲಿಂಗ ಏಕವಚನ. ಇಂದಿಗೂ ಯೆಹೂದ್ಯರು ಆಚರಿಸುವ ಹಬ್ಬವೊಂದಕ್ಕೆ ಹೆಂಗಸಿನ ಪತ್ರ ಆಧಾರ.

ನಮ್ಮವರಿಗೆ ಕುತೂಹಲವಾಗುವ ಒಂದು ಸಂಗತಿ: ಆ ಪತ್ರ ಹೋದ 127 ಸಂಸ್ಥಾನಗಳ ರಾಜ್ಯ ‘ಹೋದ್ದು’ವಿನಿಂದ ಕೂಷಿನವರೆಗೆ ಹಬ್ಬಿತ್ತು ಎಂದು ಪುಸ್ತಕದ ಮೊದಲ ವಚನ ಹೇಳುತ್ತದೆ. ಹೋದ್ದು ಎಂದರೆ ಸಿಂಧೂ ಕಣಿವೆಯ ಕಡೆಯ ಭಾರತ. ಹೀಬ್ರೂ ಗ್ರಂಥ ಭಾರತವನ್ನು ಹೆಸರಿಟ್ಟು ಹೇಳುವುದು ಈ ಒಂದು ಪುಸ್ತಕದಲ್ಲಿ ಮಾತ್ರ.

## ತೊಡಕಿನವು

ಪ್ರವಾದಿನಿ ಆಗಬಹುದಾದರೆ ಯಾಜಕಿ ಯಾಕಾಗಬಾರದು?

ಯಾಜಕತ್ವ ಆರೋನನ ಗಂಡುಸಂತತಿಗೆ ಬರುವ ಹಕ್ಕು, ಪಟ್ಟ ದಾವೀದನ ಗಂಡುಸಂತತಿಗೆ ಬರುವ ಹಕ್ಕು. ವಂಶದಿಂದ ಇಳಿದುಬರುವ ಈ ಎರಡು ಪದವಿಗಳಿಗೂ ಹೆಂಗಸರಿಗೆ ದಾರಿಯಿರಲಿಲ್ಲ. ಸಿಂಹಾಸನ ಹತ್ತಿದ ಅತಲ್ಯಳಿಗೆ ಶಿರೋನಾಮೆಯೂ ಸಿಗಲಿಲ್ಲ. ಪ್ರವಾದನೆ, ತೀರ್ಪು, ವಿವೇಕದ ಮಾತು ಇವು ಯಾರಿಂದಲೂ ಇಳಿದು ಬರುವುದಿಲ್ಲ. ಜನ ಕೇಳಲು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಹೀಬ್ರೂ ಗ್ರಂಥದ ನಾಯಕಿಯರಲ್ಲಿ ಬಹುಮಂದಿ ಈ ಎರಡನೆಯ ಬಗೆಯ ಅಧಿಕಾರದಲ್ಲೇ ಸಿಗುತ್ತಾರೆ ಎಂಬುದು ನನ್ನ ಓದು.

ಆದರೂ ಗುಡಾರದ ಸುತ್ತ ಹೆಂಗಸರು ಇರಲಿಲ್ಲವೆಂದಲ್ಲ. ವಿಮೋಚನಕಾಂಡ 38:8ರಂತೆ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ತಾಮ್ರದ ಕನ್ನಡಿಗಳಿಂದ ಯಾಜಕರ ತೊಳೆಯುವ ತೊಟ್ಟಿಯನ್ನು ಮಾಡಿದರು. ಅವರ ಸೇವೆಗೆ ಬಳಸಿದ ಕ್ರಿಯಾಪದವೇ ಲೇವಿಯರ ಸೇವೆಗೂ ಬರುತ್ತದೆ.

ಹೆಸರೇ ಇಲ್ಲದ ‘ವಿವೇಕಿಯಾದ ಹೆಂಗಸು’ ಯಾವ ಲೆಕ್ಕಕ್ಕೆ?

ಆಬೇಲ್ ಬೇತ್ಮಾಕಾದ ಹೆಂಗಸನ್ನು ನೋಡಿ (2 ಸಮುವೇಲ 20). ದಂಗೆಯೆದ್ದ ಶೆಬನನ್ನು ಹಿಡಿಯಲು ದಾವೀದನ ಸೇನಾಪತಿ ಯೋವಾಬ ಊರಿಗೆ ಮುತ್ತಿಗೆ ಹಾಕಿ ಗೋಡೆ ಕೆಡವುತ್ತಿದ್ದಾನೆ. ಅವಳು ಗೋಡೆಯ ಮೇಲಿಂದ ‘ಯೋವಾಬನನ್ನು ಇಲ್ಲಿಗೆ ಬರಹೇಳಿ’ ಎಂದು ಕೂಗುತ್ತಾಳೆ, ಅವನು ಬರುತ್ತಾನೆ. ‘ಇಸ್ರಾಯೇಲಿನಲ್ಲಿ ತಾಯಿಯಂಥ ಪಟ್ಟಣವನ್ನು ಯಾಕೆ ಹಾಳುಮಾಡುತ್ತೀ’ ಎಂದು ಕೇಳುತ್ತಾಳೆ. ದೆಬೋರಳಿಗೆ ಬಳಸಿದ ಅದೇ ಮಾತು. ಶೆಬನ ತಲೆಯನ್ನು ಗೋಡೆಯ ಮೇಲಿಂದ ಎಸೆಯುತ್ತೇವೆ ಎಂದು ಊರವರನ್ನು ಕೇಳುವ ಮೊದಲೇ ಮಾತು ಕೊಡುತ್ತಾಳೆ, ಆಮೇಲೆ ಹೋಗಿ ಊರವರನ್ನು ಒಪ್ಪಿಸುತ್ತಾಳೆ. ತಲೆ ಬಂದು ಬಿತ್ತು, ಮುತ್ತಿಗೆ ಎದ್ದಿತು. ಅವಳ ಮಾತು ಊರಿನ ಮಾತೆಂದು ಎರಡೂ ಕಡೆಯವರು ಒಪ್ಪಿಕೊಂಡದ್ದರಿಂದ ಅದೊಂದು ಗೊತ್ತಿದ್ದ ಸ್ಥಾನವೇ ಆಗಿರಬೇಕು.

ಇವೆಲ್ಲ ನಡೆದದ್ದಕ್ಕೆ ನೆಲದಲ್ಲಿ ಸಾಕ್ಷಿ ಇದೆಯೇ?

ದೆಬೋರ, ಹುಲ್ದ ಇವರ ಹೆಸರಿನ ಶಾಸನ ಯಾವುದೂ ಇಲ್ಲ. ಹಾಚೋರಿನ ದಿಬ್ಬದಲ್ಲಿ ಕ್ರಿ.ಪೂ. 13ನೇ ಶತಮಾನದಲ್ಲಿ ಉರಿದುಹೋದ ದೊಡ್ಡ ಪಟ್ಟಣದ ಅವಶೇಷವಿದೆ, ಆದರೆ ಸುಟ್ಟವರು ಯಾರೆಂಬುದು ಇನ್ನೂ ವಿವಾದ. ನನಗೆ ಇಷ್ಟವಾದ ಸಾಕ್ಷಿ ಚಿಕ್ಕದು. ತಂದೆಗೆ ಗಂಡುಮಕ್ಕಳಿಲ್ಲದಿದ್ದರೆ ಅವನ ಹೆಸರು ಅಳಿಯಬೇಕೇ ಎಂದು ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ಭೂಮಿ ಕೇಳಿ, ‘ಅವರು ಹೇಳುವುದು ಸರಿ’ ಎಂಬ ದೈವೋತ್ತರ ಪಡೆದರು (ಅರಣ್ಯಕಾಂಡ 27). ಆ ಐವರಲ್ಲಿ ನೋವಾ, ಹೊಗ್ಲಾ ಎಂಬ ಎರಡು ಹೆಸರುಗಳು 1910ರಲ್ಲಿ ಸಮಾರ್ಯದ ಅಗೆತದಲ್ಲಿ ಸಿಕ್ಕಿದ, ಕ್ರಿ.ಪೂ. 8ನೇ ಶತಮಾನದ ಮಡಕೆ ಚೂರುಗಳ ಮೇಲೆ ಬಂದಿವೆ, ಎಣ್ಣೆ ಮತ್ತು ದ್ರಾಕ್ಷಾರಸ ಕಳುಹಿಸಿದ ಸೀಮೆಗಳ ಹೆಸರಾಗಿ. ಆ ಹೆಸರಿನ ಸೀಮೆಗಳು ನಿಜವಾಗಿಯೂ ಇದ್ದವು.

ಆಮೇಲಿನ ರಬ್ಬಿಗಳು ಇವರನ್ನು ಒಪ್ಪಿಕೊಂಡರೇ?

ಒಪ್ಪಿಕೊಂಡರು, ಗೊಣಗಿಕೊಂಡು. ದೆಬೋರ ಎಂದರೆ ಜೇನುನೊಣ, ಹುಲ್ದ ಎಂದರೆ ಮುಂಗುಸಿಯ ಜಾತಿಯಂಥ ಸಣ್ಣ ಪ್ರಾಣಿ. ಇಬ್ಬರೂ ಗರ್ವಿಷ್ಠರು, ಅದಕ್ಕೇ ಇಂಥ ಹೆಸರು ಎಂದು ತಾಲ್ಮುದ್‌ನಲ್ಲಿ ರಬ್ಬಿ ನಹ್ಮಾನ್ ಹೇಳುತ್ತಾರೆ. ಅವರ ದೂರು ಇಷ್ಟೆ: ದೆಬೋರ ತಾನೇ ಹೋಗದೆ ಬಾರಾಕನನ್ನು ಕರೆಸಿದಳು, ಹುಲ್ದ ‘ಅರಸನಿಗೆ’ ಎನ್ನದೆ ‘ಆ ಮನುಷ್ಯನಿಗೆ’ ಎಂದಳು. ಹೆಂಗಸರು ನ್ಯಾಯಪೀಠಕ್ಕೆ ಅರ್ಹರಲ್ಲವೆಂದಾದರೆ ದೆಬೋರ ಹೇಗೆ ಕುಳಿತಳು ಎಂದು ಮಧ್ಯಯುಗದ ತೋಸಾಫೋತ್ ವ್ಯಾಖ್ಯಾನಕಾರರು ತಲೆ ಕೆಡಿಸಿಕೊಂಡರು. ಅವಳು ಶಾಸ್ತ್ರ ಬೋಧಿಸುತ್ತಿದ್ದಳು, ಅಥವಾ ಜನರೇ ಅವಳನ್ನು ಒಪ್ಪಿಕೊಂಡಿದ್ದರು ಎಂಬ ಉತ್ತರಗಳು ಬಂದವು. ಎರಡನೆಯ ಉತ್ತರ ಮೂಲಕ್ಕೆ ಬಹಳ ಹತ್ತಿರವಿದೆ.

ಹಾಗಾದರೆ ಇವತ್ತು ಹೆಂಗಸರು ಸಭೆಯಲ್ಲಿ ಬೋಧಿಸಬಹುದು ಅಂತ ಇದರಿಂದ ಆಗುತ್ತದೆಯೇ?

ಅದಷ್ಟು ನೇರವಾಗಿ ಆಗುವುದಿಲ್ಲ. ಕ್ರೈಸ್ತ ಸಭೆಗಳಲ್ಲಿ ಆ ಚರ್ಚೆ ಹೆಚ್ಚಾಗಿ ಪೌಲನ ಪತ್ರಗಳ ಸುತ್ತ ನಡೆಯುತ್ತದೆ. ನಮ್ಮ ನಾಡಿನಲ್ಲೂ ಇರುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಹೆಂಗಸರಿಗೆ ದೀಕ್ಷೆ ಕೊಡುತ್ತದೆ, ಕಥೋಲಿಕ ಸಭೆ ಕೊಡುವುದಿಲ್ಲ. ಇಬ್ಬರೂ ಓದುವುದು ಅದೇ ದೆಬೋರಳನ್ನು. ಯೆಹೂದ್ಯರಲ್ಲಿ ರಬ್ಬಿಯಾಗಿ ದೀಕ್ಷೆ ಪಡೆದ ಮೊದಲ ಹೆಂಗಸು ಜರ್ಮನಿಯ ರೆಗೀನಾ ಯೋನಾಸ್, ಅದು 1935ರಲ್ಲಿ. 1944ರಲ್ಲಿ ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ಹೀಬ್ರೂ ಗ್ರಂಥದಿಂದ ಖಚಿತವಾಗಿ ಹೇಳಬಹುದಾದದ್ದು, ‘ಹಿಂದೆ ಎಂದೂ ಇರಲಿಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ ಎಂಬುದು.

ಯಾರಿಗೂ ಗೊತ್ತಿಲ್ಲದ ಒಬ್ಬಳನ್ನು ಹೇಳಿ ನೋಡೋಣ.

1 ಪೂರ್ವಕಾಲವೃತ್ತಾಂತ 7:24, ವಂಶಾವಳಿಗಳ ನಡುವೆ. ಎಫ್ರಾಯೀಮನ ಮನೆತನದ ಶೇರಾ ಎಂಬವಳು ಕೆಳಗಿನ ಬೇತ್ಹೋರೋನ್, ಮೇಲಿನ ಬೇತ್ಹೋರೋನ್ ಮತ್ತು ತನ್ನ ಹೆಸರೇ ಇರುವ ಉಜ್ಜೇನ್ ಶೇರಾ ಎಂಬ ಊರುಗಳನ್ನು ಕಟ್ಟಿಸಿದಳು. ಅವಳ ಬಗ್ಗೆ ಇರುವುದು ಆ ಒಂದೇ ವಚನ. ವಿವರಣೆಯಿಲ್ಲ, ಬೆರಗಿಲ್ಲ, ಮುಂದಿನ ವಚನದಲ್ಲಿ ಗಂಡಸರ ಪಟ್ಟಿ ಮತ್ತೆ ಶುರುವಾಗುತ್ತದೆ. ಆದರೆ ಆ ಎರಡು ಬೇತ್ಹೋರೋನ್‌ಗಳು ಕರಾವಳಿಯ ಬಯಲಿನಿಂದ ಯೆರೂಸಲೇಮಿನ ಬೆಟ್ಟಕ್ಕೆ ಹತ್ತುವ ಕಣಿವೆ ದಾರಿಯನ್ನು ಕಾಯುವ ಊರುಗಳು. ಆ ದಾರಿಯಲ್ಲಿ ಎಷ್ಟೋ ಸೈನ್ಯಗಳು ಹತ್ತಿವೆ, ಇಳಿದಿವೆ. ರಾಮಲ್ಲಾದ ಪಶ್ಚಿಮಕ್ಕೆ ಬೈತ್ ಊರ್ ಅಲ್‌-ಫೌಕಾ, ಬೈತ್ ಊರ್ ಅಲ್‌-ತಹ್ತಾ ಎಂಬ ಹೆಸರಿನಲ್ಲಿ ಎರಡೂ ಇಂದಿಗೂ ಇವೆ: ಮೇಲಿನದು, ಕೆಳಗಿನದು.